ನೆರಿಗೆಯೂ ಸುಕ್ಕೂ

೧೮೭೮ನೆಯ ಇಸವಿ ಆಗಸ್ಟ್ ತಿಂಗಳ ೨೮ನೆಯ ದಿನ. ಪ್ಯಾರಿಸ್ ನಗರದಲ್ಲಿ ಫ್ರೆಂಚ್ ವಿಜ್ಞಾನಾಭಿವೃದ್ಧಿ ಸಂಘದ ಅಧಿವೇಶನ ನಡೆದಿತ್ತು. ಅಂದು ಮಾತನಾಡಲು ಎದ್ದುನಿಂತವನು ರಷ್ಯ ದೇಶದ ಪಾಫ್ನುತಿ ಚೆಬಿಷೆವ್. ಅವಿಭಾಜ್ಯ ಸಂಖ್ಯೆಗಳನ್ನೂ ಸಂಭವನೀಯತೆಯನ್ನೂ ಕುರಿತ ಸಂಶೋಧನೆಗಳಿಂದ ಯೂರೋಪಿನಲ್ಲೆಲ್ಲ ಹೆಸರಾಗಿದ್ದ, ಐವತ್ತೇಳು ವರ್ಷದ ಹಿರಿಯ ಗಣಿತಜ್ಞ. ಇಂಥವನು ಅಂದಿನ ಭಾಷಣಕ್ಕೆ ಆರಿಸಿಕೊಂಡಿದ್ದ ವಿಷಯ ಯಾವುದು? 'ಉಡುಪುಗಳ ಕತ್ತರಿಕೆಯನ್ನು ಕುರಿತು'! ವಿದ್ವತ್ಸಭೆಯಲ್ಲಿ ದರ್ಜಿಯ ಮಾತೇ ಎಂದು ಹುಬ್ಬೇರಿಸುವವರು ಇಂದಿಗೂ ಇದ್ದಾರು. ಆದರೆ ಆ ಭಾಷಣದ ನೂಲಿನ ತುದಿಯನ್ನು ಹಿಡಿದು ಹೊರಟರೆ ನಾವು ತಲುಪುವುದು ಇಂದಿನ ವಿಮಾನದ ಒಡಲಿನೊಳಕ್ಕೆ. ಅದೇ ನನ್ನ ಈ ಹೊತ್ತಿನ ಮಾತಿನ ದಾರಿ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ವಿಮಾನದ ಗೊಡವೆ ಏಕೆಂದು ತಾವು ಕೇಳಬಹುದು. ಕಾರಣ ನನ್ನ ಮೇಜಿನ ಮೇಲಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗ ವಿಮಾನದ ಭಾಗಗಳನ್ನು ಮಾಡುವ ಕಾರ್ಯಾಗಾರವೊಂದರಲ್ಲಿ ಎಂಜಿನಿಯರಾಗಿದ್ದಾನೆ. ಒಮ್ಮೆ ಮನೆಗೆ ಬಂದಾಗ, ಗೇಣುದ್ದದ ಕಪ್ಪು ತುಂಡೊಂದನ್ನು ತಂದು ನನ್ನ ಕೈಯಲ್ಲಿಟ್ಟ. ಎತ್ತಿದರೆ ಹಗುರ, ಬಡಿದರೆ ಗಟ್ಟಿ, ಸವರಿದರೆ ಕನ್ನಡಿಯಂಥ ನುಣುಪು. "ಇದನ್ನು ಬೇಡವೆಂದು ಎಸೆದಿದ್ದರು ಸಾರ್, ನಿಮಗೆ ತೋರಿಸೋಣ ಅಂತ ತಂದೆ" ಎಂದ. "ಇದರಲ್ಲಿ ದೋಷವೇನಿದೆಯಪ್ಪ?" ಎಂದು ಕೇಳಿದೆ. ಅವನು ತುಂಡನ್ನು ಮಗ್ಗುಲು ಹೊರಳಿಸಿ, ಕೊಯ್ದು ಉಜ್ಜಿದ ಮುಖವನ್ನು ಭೂತಗನ್ನಡಿಯ ಕೆಳಗೆ ಹಿಡಿದ. ಒಂದರ ಮೇಲೊಂದು ಮಲಗಿದ್ದ ಹತ್ತಾರು ತೆಳುಪದರಗಳು ಗೆರೆ ಎಳೆದಂತೆ ನೆಟ್ಟಗೆ ಬರುತ್ತಿದ್ದವು. ಒಂದು ಕಡೆ ಮಾತ್ರ, ಹೊಳೆಯ ನೀರಿನಲ್ಲಿ ಅಲೆ ಎದ್ದಂತೆ, ಮೇಲೇರಿ ಕೆಳಗಿಳಿದಿದ್ದವು. "ಅದೇ ಸಾರ್, ಸುಕ್ಕು. ಹೊರಗೆ ಕಾಣಿಸೋದಿಲ್ಲ" ಎಂದ.

ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ನುಡಿಯಲ್ಲಿ ನೆರಿಗೆ ಎಂಬುದೊಂದು ಮಾತಿದೆ, ಸುಕ್ಕು ಎಂಬುದು ಇನ್ನೊಂದು. ಎರಡೂ ಬಟ್ಟೆಯ ಮಡಿಕೆಗಳೇ. ಆದರೆ ಸೀರೆಯ ನೆರಿಗೆಯನ್ನು ಯಾರೂ ಸುಕ್ಕು ಎನ್ನುವುದಿಲ್ಲ. ನೆರಿಗೆ ನಾವು ಹಿಡಿದದ್ದು, ಎಣಿಸಿ ಒಪ್ಪಗೊಳಿಸಿದ್ದು. ಸುಕ್ಕು ನಮ್ಮನ್ನು ಕೇಳದೆ ಬಂದದ್ದು. ಎರಡರ ಮೂಲವೂ ಒಂದೇ: ಇರುವ ಜಾಗಕ್ಕಿಂತ ಬಟ್ಟೆ ಹೆಚ್ಚಾಗಿರುವುದು. ಆ ಹೆಚ್ಚಿಗೆಗೆ ನಾವೇ ಒಂದು ನೆಲೆ ತೋರಿದರೆ ಅದು ನೆರಿಗೆ. ತೋರದಿದ್ದರೆ ಅದು ತಾನೇ ನೆಲೆ ಹುಡುಕಿಕೊಳ್ಳುತ್ತದೆ, ಸುಕ್ಕಾಗುತ್ತದೆ. ಮುಂದೆ ನಾನು ಹೇಳಲಿರುವುದೆಲ್ಲ ಈ ಒಂದು ವ್ಯತ್ಯಾಸದ ವಿಸ್ತಾರವೇ ಆಗಿದೆ.

ಬಾನುಲಿಯಲ್ಲಿ ಚಿತ್ರ ಬರೆದು ತೋರಿಸಲು ಬಾರದು. ಆದುದರಿಂದ ಒಂದು ಕಾಗದದ ಹಾಳೆಯನ್ನು ಕೈಗೆ ತೆಗೆದುಕೊಳ್ಳಿ. ಅದನ್ನು ಕೊಳವೆಯಂತೆ ಸುತ್ತಬಹುದು, ಪೊಟ್ಟಣದಂತೆ ಮಡಿಸಬಹುದು. ಒಂದು ಸುಕ್ಕೂ ಬೀಳದು. ಅದೇ ಹಾಳೆಯನ್ನು ಒಂದು ಕಿತ್ತಳೆ ಹಣ್ಣಿಗೆ ಹೊದಿಸಿ ನೋಡಿ. ಎಷ್ಟು ಜಾಣತನದಿಂದ ಹೊದಿಸಿದರೂ ಅಂಚಿನಲ್ಲಿ ಸುಕ್ಕು ನಿಲ್ಲುತ್ತದೆ. ಅದು ಕೈಯ ದೋಷವಲ್ಲ, ಲೋಕದ ಕಟ್ಟಳೆ ಎಂಬುದನ್ನು ೧೮೨೭ರಲ್ಲಿ ಜರ್ಮನಿಯ ಗೌಸ್ ಸಾಧಿಸಿ ತೋರಿಸಿದನು. ಹಿಗ್ಗಿಸದೆ ಕುಗ್ಗಿಸದೆ ಬರಿದೆ ಬಾಗಿಸುವುದರಿಂದ ಒಂದು ಮೇಲ್ಮೈಯ ಒಳಗುಣವಾದ ವಕ್ರತೆ ಬದಲಾಗದು ಎಂಬುದೇ ಆ ಪ್ರಮೇಯ. ಚಪ್ಪಟೆಯಾದುದು ಚೆಂಡಾಗಬೇಕಾದರೆ ಎಲ್ಲಿಯೋ ಹಿಗ್ಗಬೇಕು, ಎಲ್ಲಿಯೋ ಕುಗ್ಗಬೇಕು, ಇಲ್ಲವೆ ಹರಿಯಬೇಕು. ಭೂಗೋಳವನ್ನು ಹಾಳೆಯ ಮೇಲೆ ತರುವ ಭೂಪಟಗಳೆಲ್ಲ ಅಲ್ಪಸ್ವಲ್ಪ ಸುಳ್ಳು ಹೇಳುವುದೂ ಇದೇ ಕಾರಣದಿಂದ. ತನ್ನ ಸಿದ್ಧಾಂತಕ್ಕೆ ಗೌಸ್ ಕೊಟ್ಟ ಹೆಸರಿನ ಅರ್ಥ 'ವಿಶಿಷ್ಟ ಪ್ರಮೇಯ' ಎಂದು. ಲೆಕ್ಕದಲ್ಲಿ ಮಿತಭಾಷಿಯಾಗಿದ್ದ ಆ ಮನುಷ್ಯನಿಗೂ ಇಲ್ಲಿ ಒಂದು ವಿಶೇಷಣ ಬೇಕೆನಿಸಿತು!

ಹಾಗಿದ್ದರೆ ಬಟ್ಟೆ ಮೈಗೆ ಒಪ್ಪುವುದು ಹೇಗೆ? ಚೆಬಿಷೆವ್ ಪ್ಯಾರಿಸ್ಸಿನಲ್ಲಿ ಉತ್ತರಿಸಿದ್ದು ಈ ಪ್ರಶ್ನೆಗೆ. ಎರಡು ವರ್ಷ ಹಿಂದೆ ಇದೇ ಸಂಘದ ಸಭೆಯಲ್ಲಿ ಎಡ್ವರ್ಡ್ ಲುಕಾಸ್ ನೇಯ್ಗೆಯ ಗಣಿತದ ಮೇಲೆ ಮಾಡಿದ ಭಾಷಣವೇ ತನಗೆ ಇದರ ಹೊಳಹು ಕೊಟ್ಟಿತೆಂದು ಆತ ಒಪ್ಪಿಕೊಂಡಿದ್ದಾನೆ. ಬಟ್ಟೆ ಕಾಗದವಲ್ಲ; ಹಾಸುಹೊಕ್ಕುಗಳ ಬಲೆ. ಅದರ ಎಳೆ ಹಿಗ್ಗದು, ಕುಗ್ಗದು. ಆದರೆ ಹಾಸು ಹೊಕ್ಕುಗಳು ಕೂಡುವ ಮೂಲೆ ಮಾತ್ರ ಬದಲಾಗಬಲ್ಲದು. ಚೌಕವಿದ್ದ ಕಣ್ಣು ಓರೆಯಾಗಿ ವಜ್ರಾಕೃತಿ ತಾಳಬಲ್ಲದು. ಒಂದು ಕರವಸ್ತ್ರವನ್ನು ಅಂಚಿನುದ್ದಕ್ಕೆ ಎಳೆದರೆ ಬಗ್ಗದು. ಮೂಲೆಯಿಂದ ಮೂಲೆಗೆ ಎಳೆದರೆ ಜಗ್ಗುತ್ತದೆ. ಈ ಓರೆಯಾಟವೇ ಬಟ್ಟೆಯ ಉಪಾಯ. ಅದರ ಲೆಕ್ಕವನ್ನು ಹಿಡಿದು, ಚೆಂಡಿಗೆ ಹೊದಿಸಬೇಕಾದ ಬಟ್ಟೆಯ ತುಂಡುಗಳ ಆಕಾರವನ್ನು ಚೆಬಿಷೆವ್ ಗುರುತಿಸಿದನು. ಈ ಓರೆಯಾಟಕ್ಕೂ ಒಂದು ಮಿತಿ ಇದೆ. ಎಳೆಗಳು ಒಂದಕ್ಕೊಂದು ಒತ್ತಿಕೊಂಡು ಇನ್ನು ಓರೆಯಾಗಲಾರವೆಂಬ ಘಟ್ಟ ಬಂದ ಕೂಡಲೆ ಸುಕ್ಕು ತಲೆಯೆತ್ತುತ್ತದೆ. ಆ ಮಿತಿ ಎಲ್ಲಿ ಬರುತ್ತದೆಯೋ ಅಲ್ಲಿ ಕತ್ತರಿ ಹಾಕಬೇಕು, ಇಲ್ಲವೆ ರವಿಕೆ ಹೊಲಿಯುವವರಂತೆ ಟಕ್ಸ್ ಹಿಡಿಯಬೇಕು. ದರ್ಜಿಗೆ ಕೈಯಿಂದ ತಿಳಿದಿದ್ದುದನ್ನು ಗಣಿತಜ್ಞ ಲೆಕ್ಕದಿಂದ ತಿಳಿದನು.

ಅದೇ ಕಾಲದಲ್ಲಿ ಇನ್ನೊಬ್ಬನು ಮರದೊಡನೆ ಇದೇ ಹೋರಾಟ ನಡೆಸಿದ್ದನು. ನಮ್ಮ ಕಾಫಿ ಹೋಟೆಲುಗಳಲ್ಲಿ, ವಕೀಲರ ಪಡಸಾಲೆಗಳಲ್ಲಿ ಒಂದು ಕಾಲಕ್ಕೆ ಕಾಣುತ್ತಿದ್ದ, ಬೆನ್ನು ಕಮಾನಿನಂತೆ ಬಾಗಿದ ಕುರ್ಚಿಗಳನ್ನು ತಾವು ಕಂಡಿರಬಹುದು. ಅವುಗಳ ಮೂಲಪುರುಷ ಮಿಖಾಯೆಲ್ ಥೋನೆಟ್. ರೈನ್ ನದಿಯ ದಡದ ಬೊಪ್ಪಾರ್ಡಿನಲ್ಲಿ ಹುಟ್ಟಿ ವಿಯೆನ್ನಾ ಸೇರಿದ ಬಡಗಿ. ಆತನ ೧೪ನೆಯ ನಮೂನೆಯ ಕುರ್ಚಿ ಹೊರಬಂದದ್ದು ೧೮೫೯ರಲ್ಲಿ. ಮೊದಲು ಆತ ತೆಳುಮರದ ಪದರಗಳನ್ನು ಅಂಟಿನಲ್ಲಿ ಬೇಯಿಸಿ ಬಾಗಿಸುತ್ತಿದ್ದನು. ಕಡಲಾಚೆಯ ತೇವದ ಹವೆಗೆ ಆ ಅಂಟು ಬಿಡತೊಡಗಿದಾಗ ಇಡಿಯ ಮರವನ್ನೇ ಬಾಗಿಸುವುದಕ್ಕೆ ಹೊರಟನು.

ಬೀಚ್ ಮರದ ಕೋಲನ್ನು ಹಬೆಯಲ್ಲಿ ಮೆದುಗೊಳಿಸಿ ಬಾಗಿಸಿದರೆ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ಹಬೆಯುಂಡ ಮರ ಕುಗ್ಗುವುದರಲ್ಲಿ ಉದಾರಿ; ನೂರಕ್ಕೆ ಇಪ್ಪತ್ತೈದು ಪಾಲಿನವರೆಗೂ ಕುಗ್ಗಿ ಸಹಿಸಬಲ್ಲದು. ಹಿಗ್ಗುವುದರಲ್ಲಿ ಮಾತ್ರ ಜಿಪುಣ. ನೂರಕ್ಕೆ ಒಂದೆರಡು ಪಾಲು ಹಿಗ್ಗುವಷ್ಟರಲ್ಲಿ ಸೀಳುತ್ತದೆ. ಥೋನೆಟ್ ಮಾಡಿದ್ದಿಷ್ಟೆ: ಕೋಲಿನ ಹೊರಮೈಗೆ ಒಂದು ಲೋಹದ ಪಟ್ಟಿಯನ್ನು ಬಿಗಿದು, ತುದಿಗಳನ್ನು ಭದ್ರಪಡಿಸಿ, ಆಮೇಲೆ ಬಾಗಿಸಿದನು. ಲೋಹ ಹಿಗ್ಗಗೊಡದು, ಆದುದರಿಂದ ಮರವೆಲ್ಲ ಕುಗ್ಗಲೇಬೇಕಾಯಿತು. ಹೊರಗೆ ಸೀಳಬೇಕಾಗಿದ್ದ ಸಂಕಟ ಒಳಕ್ಕೆ ಹಂಚಿಹೋಯಿತು. ವಸ್ತುವಿನ ಸ್ವಭಾವವನ್ನು ಅರಿತು, ಅದಕ್ಕೆ ಸಹ್ಯವಾದ ಕಡೆಗೆ ಹೊರೆಯನ್ನು ತಿರುಗಿಸುವುದು. ಇದು ಆ ಬಡಗಿ ಕಲಿಸಿದ ಪಾಠ.

ಈ ಪಾಠಗಳು ವಿಮಾನಕ್ಕೆ ಏಕೆ ಬೇಕಾದವು ಎಂಬುದನ್ನು ತಿಳಿಯಲು ವಿಮಾನದ ಒಳಗನ್ನು ಸ್ವಲ್ಪ ನೋಡಬೇಕು. ವಿಮಾನದ ಹೊರಚರ್ಮ ಬಹು ತೆಳುವಾದುದು. ಅದು ಮುದುಡದಂತೆ ಒಳಗಿನಿಂದ ಉದ್ದಕ್ಕೂ ಅಡ್ಡಕ್ಕೂ ಪಟ್ಟಿಗಳ ಆಸರೆ ಕೊಟ್ಟಿರುತ್ತಾರೆ. ಕೊಡೆಗೆ ಕಡ್ಡಿಗಳಂತೆ, ಎದೆಗೆ ಪಕ್ಕೆಲುಬುಗಳಂತೆ. ಎಂಜಿನಿಯರರು ಇವನ್ನು ಸ್ಟಿಫ್ನರ್ ಎನ್ನುತ್ತಾರೆ. ನಾವು ಆಧಾರಪಟ್ಟಿ ಎನ್ನೋಣ. ಕೊಯ್ದು ನೋಡಿದರೆ ಕೆಲವು ಇಂಗ್ಲಿಷಿನ ಎಲ್ ಅಕ್ಷರದಂತೆ, ಕೆಲವು ಟಿ ಅಥವಾ ಝಡ್ ಅಕ್ಷರದಂತೆ, ಕೆಲವು ಅಂಚುಳ್ಳ ಟೋಪಿಯಂತೆ ಕಾಣುತ್ತವೆ. ಒಡಲು ದುಂಡಾಗಿರುವುದರಿಂದ, ರೆಕ್ಕೆ ಬಾಗಿರುವುದರಿಂದ, ಇವೂ ಬಾಗಬೇಕು. ಅಲ್ಯೂಮಿನಿಯಮ್ಮಿನ ಕಾಲದಲ್ಲಿ ಇದು ದೊಡ್ಡ ತೊಡಕಾಗಿರಲಿಲ್ಲ. ಲೋಹ ಕ್ಷಮಾಶೀಲವಾದುದು, ಎಳೆದಂತೆ ಎಳೆಯಿಸಿಕೊಂಡು, ಒತ್ತಿದಂತೆ ಒತ್ತಿಸಿಕೊಂಡು ಹೊಸ ಆಕಾರಕ್ಕೆ ಒಗ್ಗುತ್ತದೆ.

ಅಷ್ಟು ಕ್ಷಮೆ ಇಲ್ಲದ ವಸ್ತುವೊಂದು ೧೯೬೦ರ ದಶಕದಲ್ಲಿ ಬಂದಿತು: ಇಂಗಾಲದ ಎಳೆ. ಜಪಾನಿನಲ್ಲಿ ಅಕಿಯೊ ಶಿಂಡೊ ಅದರ ಒಂದು ಮಾರ್ಗವನ್ನು ತೆರೆದರು. ಇಂಗ್ಲೆಂಡಿನ ಫಾರ್ನ್‌ಬರೋ ಸಂಶೋಧನಾಲಯದಲ್ಲಿ ವಿಲಿಯಂ ವಾಟ್ ಮತ್ತು ಸಂಗಡಿಗರು ಹೆಚ್ಚು ಬಲದ ಎಳೆಯನ್ನು ಸಾಧಿಸಿದರು. ತಲೆಗೂದಲಿನ ಹತ್ತನೆಯ ಒಂದು ಭಾಗದಷ್ಟು ಸಣ್ಣ ಎಳೆ. ಆದರೆ ತೂಕಕ್ಕೆ ತೂಕ ಉಕ್ಕನ್ನೂ ಮೀರಿದ ಬಲ. ಇಂಥ ಲಕ್ಷಾಂತರ ಎಳೆಗಳನ್ನು ಒಂದೇ ದಿಕ್ಕಿಗೆ ಮಲಗಿಸಿ, ರಾಳದಲ್ಲಿ ನೆನೆಸಿದರೆ ತೆಳುಪದರವೊಂದು ಸಿದ್ಧವಾಗುತ್ತದೆ. ಅದರ ದಪ್ಪ ಮಿಲಿಮೀಟರಿನ ಐದನೆಯ ಒಂದು ಭಾಗ, ಅಥವಾ ಇನ್ನೂ ಕಡಿಮೆ. ಇಂಥ ಪದರಗಳನ್ನು ಬೇರೆ ಬೇರೆ ದಿಕ್ಕಿಗೆ ಪೇರಿಸಿ, ಅಚ್ಚಿನ ಮೇಲೆ ರೂಪಿಸಿ, ಆಟೊಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ ಸುಮಾರು ೧೮೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದರೆ ಕಾಂಪೊಸಿಟ್ ಭಾಗ ಸಿದ್ಧ. ಹುಲ್ಲು ಬೆರೆಸಿದ ಮಣ್ಣಿನ ಗೋಡೆಯ ತತ್ತ್ವವೇ ಇದು. ಹುಲ್ಲಿನ ಜಾಗಕ್ಕೆ ಇಂಗಾಲದ ಎಳೆ, ಮಣ್ಣಿನ ಜಾಗಕ್ಕೆ ರಾಳ. ೨೦೦೯ರ ಡಿಸೆಂಬರಿನಲ್ಲಿ ಮೊದಲು ಹಾರಿದ ಬೋಯಿಂಗ್ ೭೮೭ ವಿಮಾನದ ಒಡಲು ರೆಕ್ಕೆಗಳ ತೂಕದಲ್ಲಿ ಸುಮಾರು ಅರ್ಧ ಪಾಲು ಇಂಥ ವಸ್ತುವೇ.

ಇನ್ನು ಸುಕ್ಕಿನ ಲೆಕ್ಕಕ್ಕೆ ಬರೋಣ. ಸುಮಾರು ೬ ಮೀಟರ್ ಅಗಲದ ವಿಮಾನದ ಒಡಲಿಗೆ ಒಳಗಿನಿಂದ ಬಳೆಯಂತೆ ಸುತ್ತುವ ಆಧಾರಪಟ್ಟಿಯೊಂದನ್ನು ಊಹಿಸಿಕೊಳ್ಳಿ. ಅದರ ಎತ್ತರ ೫೦ ಮಿಲಿಮೀಟರ್ ಇರಲಿ. ಹೊರ ಅಂಚಿನ ಎಳೆ ಸುಮಾರು ೧೯ ಮೀಟರ್ ಸುತ್ತಬೇಕು. ಒಳ ಅಂಚಿನದು ಅದಕ್ಕಿಂತ ೩೧೪ ಮಿಲಿಮೀಟರ್ ಕಡಿಮೆ. ಸ್ವಾರಸ್ಯವೆಂದರೆ, ಬಳೆ ಚಿಕ್ಕದಿರಲಿ ದೊಡ್ಡದಿರಲಿ, ಪೂರ್ತಿ ಸುತ್ತಿಗೆ ಈ ೩೧೪ ಮಿಲಿಮೀಟರ್ ಬದಲಾಗದು. ಅದು ಪಟ್ಟಿಯ ಎತ್ತರವನ್ನು ಮಾತ್ರ ಅವಲಂಬಿಸಿದೆ. ದೊಡ್ಡ ಬಳೆಯಲ್ಲಿ ಅದು ಹೆಚ್ಚು ದೂರಕ್ಕೆ ಹಂಚಿಹೋಗುತ್ತದೆ, ಚಿಕ್ಕದರಲ್ಲಿ ಕಿಕ್ಕಿರಿಯುತ್ತದೆ, ಅಷ್ಟೇ ಭೇದ. ಚಪ್ಪಟೆ ಪಟ್ಟಿಯನ್ನು ಹಾಗೆಯೇ ಬಾಗಿಸಿದರೆ ಒಳ ಅಂಚಿನಲ್ಲಿ ಒಂದಡಿಗೂ ಮೀರಿದ ಎಳೆ ಹೆಚ್ಚಾಗಿ ಉಳಿಯಿತು. ಅದು ಎಲ್ಲಿಗೆ ಹೋಗಬೇಕು? ಹಸಿ ರಾಳದಲ್ಲಿ ನೆನೆದ ಎಳೆಯನ್ನು ತುದಿಯಿಂದ ತಳ್ಳಿದರೆ ದಾರದಂತೆ ಮುದುಡುತ್ತದೆಯೇ ಹೊರತು ಮರದಂತೆ ಕುಗ್ಗದು. ಹೊರ ಅಂಚನ್ನು ಹಿಗ್ಗಿಸೋಣವೆಂದರೆ ಈ ಎಳೆಯೂ ನೂರಕ್ಕೆ ಎರಡು ಪಾಲು ಹಿಗ್ಗುವಷ್ಟರಲ್ಲಿ ಕಡಿಯುತ್ತದೆ. ಥೋನೆಟ್ಟನ ಮರಕ್ಕೆ ಒಂದು ಬಾಗಿಲಾದರೂ ತೆರೆದಿತ್ತು. ಇದಕ್ಕೆ ಎರಡೂ ಮುಚ್ಚಿವೆ.

ಇದಲ್ಲದೆ ಇನ್ನೊಂದು ಬಗೆಯ ಸುಕ್ಕೂ ಉಂಟು. ಅದನ್ನು ಕಾಣಲು ಒಂದು ದಪ್ಪ ಪುಸ್ತಕ ಸಾಕು. ಮೆತ್ತನೆ ರಟ್ಟಿನ ಪುಸ್ತಕವನ್ನು ಸಡಿಲವಾಗಿ ಹಿಡಿದು ಬಾಗಿಸಿದರೆ ಹಾಳೆಗಳು ಒಂದರ ಮೇಲೊಂದು ಜಾರಿ, ತೆರೆದ ಅಂಚು ಓರೆಯಾಗುತ್ತದೆ; ಸುಕ್ಕಿಲ್ಲ. ಅದೇ ಪುಸ್ತಕದ ಎರಡೂ ಅಂಚುಗಳನ್ನು ಬಲವಾಗಿ ಅದುಮಿ ಹಿಡಿದು ಬಾಗಿಸಿ. ಒಳಗಿನ ಹಾಳೆಗಳು ಉಬ್ಬಿ ನಿಲ್ಲುತ್ತವೆ. ಆಧಾರಪಟ್ಟಿಯ ಪದರಗಳೂ ಹೀಗೆಯೇ. ೪ ಮಿಲಿಮೀಟರ್ ದಪ್ಪದ ಕಟ್ಟನ್ನು ಅಚ್ಚಿನ ಮೂಲೆಯೊಂದರಲ್ಲಿ ನೇರ ಕೋನಕ್ಕೆ ಮಡಿಸಿದರೆ ಮೇಲಿನ ಪದರವೂ ಕೆಳಗಿನ ಪದರವೂ ಒಂದನ್ನೊಂದು ೬ ಮಿಲಿಮೀಟರಿಗೂ ಹೆಚ್ಚು ಜಾರಬೇಕು. ರಾಳ ಅಂಟಾಗಿ ಜಾರಗೊಡದಿದ್ದರೆ ಒಳಪದರ ಅಲೆಯೇಳುತ್ತದೆ.

ಎದ್ದರೇನಾಯಿತು, ಬಟ್ಟೆಯ ಸುಕ್ಕಿನಂತೆ ನೋಟಕ್ಕೆ ಮಾತ್ರವಲ್ಲವೆ? ಅಲ್ಲ. ಇಂಗಾಲದ ಎಳೆಯ ಬಲವೆಲ್ಲ ಅದರ ನೇರದಲ್ಲಿದೆ. ನೆಟ್ಟಗಿರುವ ಊರುಗೋಲು ಮೈಭಾರ ತಡೆಯುತ್ತದೆ. ಮೊದಲೇ ಬಾಗಿದ ಕೋಲು ಭಾರ ಬಿದ್ದೊಡನೆ ಇನ್ನಷ್ಟು ಬಾಗುತ್ತದೆ. ಅಲೆಯೆದ್ದ ಎಳೆ ಒತ್ತುಭಾರವನ್ನು ಹೊರುವ ಬದಲು ಪಕ್ಕಕ್ಕೆ ಸರಿಯುತ್ತದೆ, ಸುತ್ತಲಿನ ರಾಳ ಬಿರಿಯುತ್ತದೆ, ಪದರಗಳು ಬಿಚ್ಚಿಕೊಳ್ಳುತ್ತವೆ. ತೀವ್ರವಾದ ಸುಕ್ಕು ಬಿದ್ದ ಭಾಗಗಳು ತಮ್ಮ ಒತ್ತುಬಲದ ಮೂರನೆಯ ಒಂದು ಪಾಲನ್ನೂ ಅದಕ್ಕಿಂತ ಹೆಚ್ಚನ್ನೂ ಕಳೆದುಕೊಳ್ಳಬಲ್ಲವು. ಒಮ್ಮೆ ಬೆಂದ ಮೇಲೆ ಇದಕ್ಕೆ ಇಸ್ತ್ರಿ ಇಲ್ಲ. ಒಳಗಿನ ಟೊಳ್ಳನ್ನು ಶ್ರವಣಾತೀತ ಧ್ವನಿಯಿಂದ ಕಂಡುಹಿಡಿಯಬಹುದು. ಎಳೆಯ ಅಲೆ ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಹೊರಗೆ ಕಾಣದ ಈ ದೋಷದ ಮೇಲೆ ನೂರಾರು ಜನ ನಿಶ್ಚಿಂತೆಯಿಂದ ಕುಳಿತು ಪ್ರಯಾಣ ಮಾಡಬೇಕೆಂಬುದನ್ನು ನೆನೆದರೆ, ಆ ತುಂಡನ್ನು ಎಸೆದವರ ನಿಷ್ಠೆ ಎಷ್ಟು ದೊಡ್ಡದೆಂಬುದು ಅರ್ಥವಾಗುತ್ತದೆ.

ಇಲ್ಲಿ ಇತಿಹಾಸದ ಒಂದು ವಿಚಿತ್ರವನ್ನು ಗಮನಿಸಬೇಕು. ಮೊದಮೊದಲು ಕುಶಲಕರ್ಮಿಗಳು ಒಂದೊಂದೇ ಪದರವನ್ನು ಕೈಯಿಂದ ಅಚ್ಚಿನ ಮೇಲೆ ಹಾಸಿ, ಬೆರಳಿನಿಂದ ತೀಡಿ ಕೂಡಿಸುತ್ತಿದ್ದರು. ಪ್ರತಿ ಪದರವೂ ತನ್ನ ಪಾಡಿಗೆ ಒಗ್ಗುತ್ತಿದ್ದುದರಿಂದ ಸುಕ್ಕು ಬಿದ್ದರೂ ಅಲ್ಲಿಯೇ ಕಾಣುತ್ತಿತ್ತು, ಅಲ್ಲಿಯೇ ಮಾಯುತ್ತಿತ್ತು. ಕೆಲಸ ಮಾತ್ರ ನಿಧಾನ, ವೆಚ್ಚ ಹೆಚ್ಚು. ಹಾಗಾಗಿ ೧೯೮೦ರ ದಶಕದಿಂದೀಚೆಗೆ ಎಲ್ಲ ಪದರಗಳನ್ನೂ ಮೊದಲು ಚಪ್ಪಟೆಯಾಗಿ ಪೇರಿಸಿ, ಬಿಸಿ ಮಾಡಿ, ರಬ್ಬರಿನ ತೆರೆ ಹೊದಿಸಿ, ಕೆಳಗಿನ ಗಾಳಿಯನ್ನು ಹೀರಿ, ಒಂದೇ ಸಲಕ್ಕೆ ಅಚ್ಚಿಗೆ ಎಳೆಯುವ ಪದ್ಧತಿ ಬೆಳೆಯಿತು. ಹೊತ್ತು ಉಳಿಯಿತು; ಸುಕ್ಕು ಬಂದಿತು. ಸುಕ್ಕು ಒಂದರ್ಥದಲ್ಲಿ ಅವಸರದ ಕೂಸು.

ಅದನ್ನು ತಗ್ಗಿಸಲು ಕಂಡುಕೊಂಡ ಉಪಾಯಗಳನ್ನು ನೋಡಿದರೆ ನಮ್ಮ ಹಳೆಯ ಪರಿಚಿತರೇ ಹೊಸ ವೇಷದಲ್ಲಿ ಎದುರಾಗುತ್ತಾರೆ. ಕಟ್ಟನ್ನು ಎರಡು ರಬ್ಬರ್ ತೆರೆಗಳ ನಡುವೆ ಹಿಡಿದು, ಬಾಗುವ ಉದ್ದಕ್ಕೂ ಎಳೆತದಲ್ಲಿಡುವುದು ಒಂದು. ಥೋನೆಟ್ ಎಲ್ಲವನ್ನೂ ಒತ್ತಿನಲ್ಲಿಟ್ಟನು. ಇವರು ಎಲ್ಲವನ್ನೂ ಎಳೆತದಲ್ಲಿಡುತ್ತಾರೆ. ದಾರಿ ತಿರುಗುಮುರುಗು, ತತ್ತ್ವ ಅದೇ. ರಾಳವನ್ನು ಹದವಾಗಿ ಬೆಚ್ಚಗಿಟ್ಟು, ಅವಸರಪಡದೆ, ಟೋಪಿಯ ನೆತ್ತಿಯಿಂದ ಅಂಚಿನ ಕಡೆಗೆ ಕ್ರಮವಾಗಿ ರೂಪಿಸುತ್ತ ಪದರಗಳು ಜಾರಲು ಅವಕಾಶ ಕೊಡುವುದು ಇನ್ನೊಂದು. ಪುಸ್ತಕವನ್ನು ಸಡಿಲವಾಗಿ ಹಿಡಿದಂತೆ. ಇಡಿಯ ಕಟ್ಟನ್ನು ಒಮ್ಮೆಗೇ ಮಡಿಸದೆ ಕೆಲವೇ ಪದರಗಳಂತೆ ಹಂತ ಹಂತವಾಗಿ ಕೂಡಿಸುವುದು ಮತ್ತೊಂದು. ಓರೆ ದಿಕ್ಕಿನ ನೇಯ್ಗೆಯನ್ನು ಬಾಗಿದ ಭಾಗಕ್ಕೆ ಬಳಸಿದರೆ ಅದು ಚೆಬಿಷೆವ್ ಹೇಳಿದಂತೆ ಮೂಲೆ ಬದಲಿಸಿಕೊಂಡು ಒಗ್ಗುತ್ತದೆ. ೧೯೫೬ರಲ್ಲಿ ಮ್ಯಾಕ್ ಮತ್ತು ಟೇಲರ್ ಎಂಬಿಬ್ಬರು ನೆಯ್ದ ಬಟ್ಟೆ ಮೇಲ್ಮೈಗಳಿಗೆ ಹೊಂದುವ ಲೆಕ್ಕವನ್ನು ಮತ್ತೆ ಕೈಗೆತ್ತಿಕೊಂಡರು. ಅಚ್ಚಿನ ಮೇಲೆ ಹಾಸು ಹೇಗೆ ಹೊರಳುವುದೆಂಬುದನ್ನು ಮುಂಗಂಡು ಹೇಳುವ ಗಣಕಯಂತ್ರದ ಕ್ರಮಗಳು ಆ ವಂಶದವೇ. ಬಲಕ್ಕೆ ಅಷ್ಟಾಗಿ ಬೇಡದ ಪದರಗಳಿಗೆ ಕತ್ತರಿ ಹಾಕಿ ಹೆಚ್ಚಿಗೆಯನ್ನು ತೆಗೆಯುವುದೂ ಉಂಟು; ಟಕ್ಸ್ ಹಿಡಿಯುವ ದರ್ಜಿಯ ಉಪಾಯ. ಎಳೆಗಳನ್ನು ಮೊದಲೇ ಅಲ್ಲಲ್ಲಿ ಕಡಿದಿಟ್ಟು, ಎಳೆದಾಗ ತುಣುಕುಗಳು ಒಂದರ ಪಕ್ಕ ಒಂದು ಜಾರುವಂತೆ ಮಾಡಿ, ಹಿಗ್ಗದ ಪದರಕ್ಕೆ ಹಿಗ್ಗುವ ಗುಣವನ್ನು ತಂದವರೂ ಇದ್ದಾರೆ.

ಎಲ್ಲಕ್ಕಿಂತ ನೇರವಾದುದು, ಬಾಗಿಸುವುದನ್ನೇ ಬಿಟ್ಟು ಮೊದಲೇ ಬಾಗಿದ ಹಾದಿಯಲ್ಲಿ ಎಳೆಯನ್ನು ಇಡುವುದು. ಯಂತ್ರವೊಂದು ಕಾಲಂಗುಲದ, ಅಥವಾ ಅದರ ಅರ್ಧದ ಕಿರುಪಟ್ಟಿಗಳನ್ನು ಸಾಲಾಗಿ ತಿರುವಿ ಹಾಸುತ್ತದೆ. ಒಳ ಹೊರ ಅಂಚುಗಳ ವ್ಯತ್ಯಾಸ ಪಟ್ಟಿಯ ಅಗಲಕ್ಕೆ ತಕ್ಕಂತೆ ಇರುವುದರಿಂದ, ಪಟ್ಟಿ ಕಿರಿದಾದಷ್ಟೂ ಉಳಿಯುವ ಹೆಚ್ಚಿಗೆ ಕಿರಿದು. ೩೧೪ ಮಿಲಿಮೀಟರಿನ ಒಂದು ದೊಡ್ಡ ಸಂಕಟವನ್ನು ಹಲವು ಸಣ್ಣ ಸಂಕಟಗಳಾಗಿ ಹಂಚಿಬಿಡುವ ಬಗೆ ಇದು. ಆದರೂ ತೀರ ಬಿರುಸಾದ ತಿರುವಿನಲ್ಲಿ ಈ ಕಿರುಪಟ್ಟಿಯ ಒಳ ಅಂಚೂ ಮುದುಡುತ್ತದೆ. ಗೌಸ್ ಕಂಡ ಕಟ್ಟಳೆಯಲ್ಲಿ ಯಾವ ಯಂತ್ರಕ್ಕೂ ರಿಯಾಯಿತಿ ಇಲ್ಲ.

ಈ ಕಥೆಗೆ ನಮ್ಮ ಬೆಂಗಳೂರೂ ಸೇರುತ್ತದೆ. ೧೯೫೯ರಲ್ಲಿ ಸ್ಥಾಪನೆಯಾಗಿ ಮರುವರ್ಷ ಬೆಂಗಳೂರಿನಲ್ಲಿ ನೆಲೆಗೊಂಡ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಕಾಂಪೊಸಿಟ್ ವಿದ್ಯೆ ದಶಕಗಳಿಂದ ಬೆಳೆದುಬಂದಿದೆ. ೨೦೦೧ರ ಜನವರಿ ೪ರಂದು ಬೆಂಗಳೂರಿನ ಬಾನಿನಲ್ಲಿ ಮೊದಲು ಹಾರಿದ ತೇಜಸ್ ಯುದ್ಧವಿಮಾನದ ಹಲವು ಭಾಗಗಳಿಗೆ ಈ ಪ್ರಯೋಗಾಲಯದ ಕುಶಲತೆ ಒದಗಿತು. ಹೊರಚರ್ಮವನ್ನೂ ಅದರ ಆಧಾರಪಟ್ಟಿಗಳನ್ನೂ ಬೇರೆ ಬೇರೆ ಮಾಡಿ ರಿವೆಟ್ಟು ಹೊಡೆಯದೆ ಒಟ್ಟಿಗೆ ಬೇಯಿಸಿ ಒಂದೇ ಅಂಗವಾಗಿಸುವುದು ಇಲ್ಲಿ ರೂಢಿಸಿಕೊಂಡ ಕ್ರಮ. ಇದರಲ್ಲಿ ತೂಕ ಉಳಿಯುತ್ತದೆ, ಸಾವಿರಾರು ತೂತುಗಳು ತಪ್ಪುತ್ತವೆ. ಆದರೆ ಒಂದು ಪಟ್ಟಿಯ ಸುಕ್ಕು ಇಡಿಯ ಅಂಗದ ಸುಕ್ಕಾಗುತ್ತದೆ. ತುಂಡನ್ನು ಎಸೆಯುವಷ್ಟು ಸುಲಭವಾಗಿ ರೆಕ್ಕೆಯನ್ನು ಎಸೆಯಲಾದೀತೆ? ಒಲೆಗೆ ಹೋಗುವ ಮುನ್ನವೇ ಪ್ರತಿ ಪದರವೂ ಸರಿಯಾಗಿ ಮಲಗಿರಬೇಕು.

ನನ್ನ ತಾಯಿ ನಿತ್ಯವೂ ಒಂಬತ್ತು ಗಜದ ಸೀರೆ ಉಡುತ್ತಿದ್ದವರು. ಮದುವೆಯಾಗಿ ಬಂದ ಸೊಸೆಗೆ ಅವರು ನೆರಿಗೆ ಹಿಡಿಯುವುದನ್ನು ಕಲಿಸುತ್ತಿದ್ದುದು ನೆನಪಿದೆ. "ಹೆಚ್ಚಾದ ಸೀರೇನ ಅದುಮಿಡೋಕೆ ನೋಡ್ಬೇಡಮ್ಮ, ಅದಕ್ಕೊಂದು ಜಾಗ ತೋರ್ಸು" ಎನ್ನುತ್ತಿದ್ದರು. ಗೌಸ್‌ನ ಪ್ರಮೇಯ, ಚೆಬಿಷೆವ್‌ನ ಕತ್ತರಿ, ಥೋನೆಟ್ಟನ ಲೋಹದ ಪಟ್ಟಿ, ಇಂದಿನ ಕಾರ್ಯಾಗಾರದ ರಬ್ಬರ್ ತೆರೆ. ಇವೆಲ್ಲವೂ ಕೊನೆಗೆ ಹೇಳುವುದು ಆ ಮಾತನ್ನೇ. ಹೆಚ್ಚಿಗೆಯನ್ನು ಇಲ್ಲವಾಗಿಸಲು ಯಾರಿಗೂ ಆಗದು. ಅದುಮಿದರೆ ಅದು ಕಾಣದ ಕಡೆ ಸುಕ್ಕಾಗಿ ಅವಿತು, ಭಾರ ಬಿದ್ದ ದಿನ ಸೇಡು ತೀರಿಸಿಕೊಳ್ಳುತ್ತದೆ. ಅದರ ಲೆಕ್ಕವನ್ನು ಮೊದಲೇ ಒಪ್ಪಿಕೊಂಡು, ಜಾರಲು, ಓರೆಯಾಗಲು, ಹಂಚಿಹೋಗಲು ಎಡೆ ಮಾಡಿಕೊಡುವುದೊಂದೇ ನಮ್ಮ ಕೈಯಲ್ಲಿರುವುದು.

ಆ ಕಪ್ಪು ತುಂಡು ಈಗಲೂ ನನ್ನ ಮೇಜಿನ ಮೇಲೆ, ಹಾಳೆಗಳು ಹಾರದಂತೆ ತಡೆಯುವ ಕೆಲಸ ಮಾಡುತ್ತಿದೆ. ಬಂದವರು ಅದರ ನುಣುಪನ್ನು ಸವರಿ ಮೆಚ್ಚುತ್ತಾರೆ. ನಾನು ಮಾತ್ರ ಅದನ್ನು ಮಗ್ಗುಲು ಹೊರಳಿಸಿ ತೋರಿಸುತ್ತೇನೆ.